ಇನ್ನೂರೈವತ್ತೈದು ಡಿಗ್ರಿ

ಐದರಲ್ಲಿ ಆರು ಕಳೆದರೆ ಏನಾಗುತ್ತದೆ ಎಂಬುದು ಚನ್ನೇಶನಿಗೆ ಚೆನ್ನಾಗಿ ಗೊತ್ತಿತ್ತು. ಅದು ಕಂಪ್ಯೂಟರಿಗೂ ಗೊತ್ತಿರುತ್ತದೆ ಎಂದು ಅವನು ನಂಬಿದ್ದರಿಂದ, ಬ್ಯಾಡಗಿ ಊರಾಚೆಯ ಕೋಲ್ಡ್ ಸ್ಟೋರೇಜಿನ ಮುಂದೆ ಅಂದು ಮುಂಜಾನೆ ಟ್ರ್ಯಾಕ್ಟರು, ಬೈಕು, ಟಂಟಂಗಳು ಬಂದು ನಿಂತವು.

ಚನ್ನೇಶ ರಾಣೇಬೆನ್ನೂರಿನವನು. ನಲವತ್ತು ದಾಟಿದ್ದ, ಮದುವೆಯಾಗಿರಲಿಲ್ಲ. ಆ ಸ್ಟೋರೇಜಿನ ಕಂಪ್ಯೂಟರ್ ಕೆಲಸಕ್ಕೆಂದು ಬ್ಯಾಡಗಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಬಾಡಿಗೆ ಮನೆಯ ಒಡತಿ ಮಂಗಳವ್ವ ಅವನೊಡನೆ ನಳದ ನೀರಿನ ವಿಷಯ ಬಿಟ್ಟು ಬೇರೇನೂ ಆಡುತ್ತಿರಲಿಲ್ಲ. ಕೆಲವು ದಿನ ಚಹಾದಂಗಡಿಯಲ್ಲಿ "ಒಂದ ಅರ್ಧ" ಎಂದದ್ದೇ ಅವನ ಬಾಯಿಂದ ಹೊರಟ ಒಟ್ಟು ಮಾತಾಗಿರುತ್ತಿತ್ತು.

ಮಾತಿಲ್ಲದ ಮನುಷ್ಯ ಕೆಲಸ ಜಾಸ್ತಿ ಮಾಡುತ್ತಾನೆ. ಮೆಣಸಿನಕಾಯಿ ಚೀಲಗಳಿದ್ದ ತಣ್ಣನೆಯ ಕೋಣೆಯ ಉಷ್ಣಾಂಶ ಗಂಟೆಗೊಮ್ಮೆ ಕಂಪ್ಯೂಟರಿಗೆ ಬಂದು ಸಾಲಾಗಿ ನಿಲ್ಲುತ್ತಿತ್ತು. ಆ ಸಾಲಿನ ಪ್ರತಿ ಅಂಕಿಯಿಂದ ಅದರ ಹಿಂದಿನ ಅಂಕಿಯನ್ನು ಕಳೆಯುವ ಪ್ರೋಗ್ರಾಂ ಒಂದನ್ನು ಅವನು ಬರೆದ. ವ್ಯತ್ಯಾಸ ಹೆಚ್ಚಾದರೆ ಚೀಲ ಇಟ್ಟ ರೈತರಿಗೆಲ್ಲ ಮೆಸೇಜು ಹೋಗಬೇಕು. ಮಾಲೀಕ ರುದ್ರಮುನಿ ಬೇರೆ ಸಿಮ್ ಕೊಡಿಸಲಿಲ್ಲವಾದ್ದರಿಂದ ಮೆಸೇಜಿಗೆ ಚನ್ನೇಶ ತನ್ನದೇ ನಂಬರು ಹಾಕಿದ.

ಒಂದೇ ತಪ್ಪು ಮಾಡಿದ್ದ. ಜಾಗ ಉಳಿಯಲೆಂದು ಅಂಕಿಗಳನ್ನು ಸೊನ್ನೆಯಿಂದ ಇನ್ನೂರೈವತ್ತೈದರವರೆಗೆ ಮಾತ್ರ ಹಿಡಿಯುವ ಪುಟ್ಟ ಮನೆಗಳಲ್ಲಿ ತುಂಬಿದ್ದ. ಆ ಮನೆಗಳಲ್ಲಿ ಸೊನ್ನೆಯ ಕೆಳಗೆ ನೆಲಮಾಳಿಗೆ ಇರಲಿಲ್ಲ. ಪ್ರೋಗ್ರಾಂ ಶುರುವಾದ ಮೊದಲ ನಸುಕಿನಲ್ಲೇ ಕೋಣೆ ಆರು ಡಿಗ್ರಿಯಿಂದ ಐದಕ್ಕೆ ಇಳಿಯಿತು. ಸೊನ್ನೆಗಿಂತ ಒಂದು ಕಡಿಮೆಯಾದ ಉತ್ತರ ಕೆಳಗಿಳಿಯಲು ಜಾಗ ಕಾಣದೆ, ತಿರುಗಣಿಯಂತೆ ಹಿಂದಕ್ಕೆ ಸುತ್ತಿ ಇನ್ನೂರೈವತ್ತೈದರ ಮಾಳಿಗೆಯ ಮೇಲೇ ಹೋಗಿ ಕುಳಿತಿತು. ರೈತರ ಫೋನುಗಳಲ್ಲಿ ಮೆಸೇಜು ಬಿತ್ತು: 'ಎಚ್ಚರಿಕೆ. ನಿಮ್ಮ ಕೋಣೆಯ ಉಷ್ಣಾಂಶ 255 ಡಿಗ್ರಿ ಏರಿದೆ.'

ಚನ್ನೇಶ ಆಫೀಸು ಮುಟ್ಟುವಷ್ಟರಲ್ಲಿ ಕದರಮಂಡಲಗಿಯ ಉಡಚಪ್ಪ ಧೋತರ ಎತ್ತಿ ಕಟ್ಟಿ ಕೋಣೆಯ ಬಾಗಿಲಿಗೆ ಭುಜ ಕೊಟ್ಟು ನಿಂತಿದ್ದ.

"ಎರಡನೂರಾ ಐವತ್ತೈದು ಅಂದ್ರ ಕಾಯಿ ಒಳಗ ಹುರದು ಖಾರಪುಡಿ ಆಗಿರತೈತಿ. ಬಾಗಲಾ ತಗಿ ಲಗೂ."

ಮಶೀನು ನೋಡಿಕೊಳ್ಳುವ ನಾಸೀರ ಅಡ್ಡ ನಿಂತ. "ಬಾಗಲಾ ತಗದ್ರ ಖರೇನ ಒಳಗ ಕಾವು ಹೊಕ್ಕತೈತ್ರಿ ಕಾಕಾ. ಒಳಗ ಏನೂ ಆಗಿಲ್ಲ."

ಕೇಳುವವರಾರು? ಬಾಗಿಲು ತೆರೆಯಿತು, ಜನ ನುಗ್ಗಿದರು. ಸ್ವಲ್ಪ ಹೊತ್ತಿಗೆ ಉಡಚಪ್ಪ, ಬಾವಿಗೆ ಬಿದ್ದೆದ್ದ ಬೆಕ್ಕಿನಂತೆ ಗಡಗಡ ನಡುಗುತ್ತ ಹೊರಬಂದ. ಹಲ್ಲು ಕಟಕಟ ಎನ್ನುತ್ತಿದ್ದರೂ ಸಿಟ್ಟು ಬೆಚ್ಚಗೇ ಇತ್ತು.

"ಹಂಗಾರ ಆ ಮೆಸೇಜ್ ಹಾಕಿದ ಮಗಾ ಯಾಂವ?"

ನಾಸೀರ ಚನ್ನೇಶನ ಮುಖ ನೋಡಿದ. ಚನ್ನೇಶ ನೆಲ ನೋಡಿದ. ನೆಲ ನೋಡುತ್ತಲೇ ಉತ್ತರ ಕೊಟ್ಟ: "ಅಂವಾ ಇಲ್ಲಿರೂದಿಲ್ರಿ. ಹಾವೇರ್ಯಾಗ ಕುಂದರತಾನು."

"ನಂಬರ್ ಐತಲ್ಲ. ಹಚ್ಚರಿ ಎಲ್ಲಾರೂ."

ಎಲ್ಲರೂ ಹಚ್ಚಿದರು. ಚನ್ನೇಶನ ಪ್ಯಾಂಟಿನ ಕಿಸೆ ಗುಂಯ್ ಎಂದಿತು. ಸದ್ದು ಬಂದ್ ಮಾಡಿಟ್ಟಿದ್ದ ಫೋನು ತೊಡೆಯ ಮೇಲೆ ಜೇನುಗೂಡಿನಂತೆ ಅಲುಗತೊಡಗಿತು. ವರ್ಷಗಟ್ಟಲೆ ಯಾರೂ ಫೋನು ಮಾಡದಿದ್ದವನಿಗೆ ಊರಿಗೆ ಊರೇ ಫೋನು ಮಾಡುತ್ತಿತ್ತು, ಒಂದನ್ನೂ ಎತ್ತುವಂತಿರಲಿಲ್ಲ. ಅವನು ಕಿಸೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದ.

"ಹೊಟ್ಟಿ ಕಡಿಯಾಕತ್ತೈತೇನು ತಮ್ಮಾ?" ಉಡಚಪ್ಪ ಕನಿಕರದಿಂದ ಕೇಳಿದ. "ನಮ್ಮೂರಾಗ ಔಷಧ ಕೊಡೂ ಮುದುಕಿ ಅದಾಳ, ಫೋನ್ ಹಚ್ಚಿ ಕೊಡ್ಲಿ? ನನ್ನ ಫೋನ್ ಆ ಮಗಗ ಹಚ್ಚೇನಿ, ನಿನ್ನ ಫೋನ್ ತಗಿ."

"ಮನ್ಯಾಗ ಬಿಟ್ಟ ಬಂದೇನ್ರಿ," ಎಂದ ಚನ್ನೇಶ. ಕಿಸೆ ಮತ್ತೆ ಗುಂಯ್ ಎಂದಿತು. ಹೊಟ್ಟೆಯೇ ಗುಡುಗಿತೆಂದು ತಿಳಿದ ಉಡಚಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ಚನ್ನೇಶ ಆಫೀಸಿಗೆ ಓಡಿ ಪ್ರೋಗ್ರಾಂ ತಿದ್ದಿದ. ಅಂಕಿಗಳನ್ನು ದೊಡ್ಡ ಮನೆಗೆ ಸಾಗಿಸಿ, ಸೊನ್ನೆಯ ಕೆಳಗೂ ಜಾಗ ಮಾಡಿಕೊಟ್ಟ. ಆದರೆ ತೆರೆದ ಬಾಗಿಲಿನಿಂದ ಕೋಣೆ ಈಗ ನಿಜವಾಗಿಯೂ ಬಿಸಿಯಾಗಿತ್ತು. ಅದು ಮತ್ತೆ ಐದಕ್ಕೆ ಇಳಿಯುವತನಕ ಏಳುವುದಿಲ್ಲವೆಂದು ಜನ ಬೇವಿನ ಗಿಡದ ನೆರಳಿಗೆ ಕುಳಿತರು. ಹಾವೇರಿಯಲ್ಲಿ ಕುಳಿತವನ ವಂಶವನ್ನು ಸಾವಕಾಶವಾಗಿ, ಹಿಂದಿನ ತಲೆಮಾರಿನಿಂದ ಹಿಡಿದು, ಬೈಯತೊಡಗಿದರು. ಚನ್ನೇಶನೂ ನಡುನಡುವೆ ಹೂಂ ಎನ್ನಬೇಕಾಯಿತು.

ಮಧ್ಯಾಹ್ನ ಒಬ್ಬಳು ಅವನ ಪಕ್ಕದ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದಳು. ಗುತ್ತಲದ ನಿರ್ಮಲಾ. ಹೊಲಿಗೆ ಕೆಲಸ ಮಾಡುವವಳು, ತನ್ನ ತುಂಡು ಹೊಲದ ಮೆಣಸಿನಕಾಯಿ ಇಲ್ಲಿಟ್ಟಿದ್ದಳು.

"ಊಟ ಆತೇನ್ರಿ?"

ಚನ್ನೇಶ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಕೇಳಿದ್ದು ತನ್ನನ್ನೇ.

"ಇಲ್ರಿ."

ಅವಳು ರೊಟ್ಟಿಯ ಮೇಲೆ ಪುಂಡಿಪಲ್ಲೆ ಇಟ್ಟುಕೊಟ್ಟಳು. "ಮುಂಜಾನಿಂದ ನೋಡಾಕತ್ತೇನಿ, ಒಬ್ಬರಾ ನಿಂತೀರಿ. ಮಂದ್ಯಾಗ ಇದ್ರೂ ಒಬ್ಬರಾ. ನಂದೂ ಹಂಗ ಐತ್ರಿ. ಮನ್ಯಾಗ ಹೊಲಿಗಿ ಮಶೀನ್ ಜೋಡಿ ಮಾತಾಡತೇನಿ. ಅದು ಎದರ ಮಾತಾಡೂದಿಲ್ಲ, ಬರೇ ದಾರಾ ಹರಕೊಂತೈತಿ."

ಚನ್ನೇಶ ನಕ್ಕ. ತನ್ನ ನಗು ತನಗೇ ಅಪರಿಚಿತವಾಗಿ ಕೇಳಿಸಿತು. ರಾಣೇಬೆನ್ನೂರಿನ ಮಾತು ಹೇಳಿದ, ತೀರಿಹೋದ ತಾಯಿಯ ಮಾತು ಹೇಳಿದ, ಮಂಗಳವ್ವನ ನಳದ ಮಾತನ್ನೂ ಹೇಳಿದ. ಹೇಳಬೇಕಾದ ಒಂದು ಮಾತು ಮಾತ್ರ ಗಂಟಲಿನವರೆಗೆ ಬಂದು, ರೊಟ್ಟಿಯ ಜೊತೆ ಕೆಳಗಿಳಿಯಿತು.

ಹೊತ್ತು ಇಳಿಯುವಾಗ ಕೋಣೆ ಐದಕ್ಕೆ ಬಂತು. ಜನ ಎದ್ದರು. ಹಾವೇರಿ ಬಸ್ಸಿಗೆ ಹೊರಟ ನಿರ್ಮಲಾಳನ್ನು ರಸ್ತೆಯತನಕ ಕಳಿಸಲು ಚನ್ನೇಶ ಹೋದ. ಅವಳು ತನ್ನ ಫೋನು ಚಾಚಿದಳು.

"ನೀವು ಕಂಪ್ಯೂಟರ್ ಬಲ್ಲವರು. ಮುಂಜಾನಿ ಸುಳ್ಳ ಮೆಸೇಜ್ ಹಾಕಿದ ಆ ನಂಬರ್ ಬ್ಲಾಕ್ ಮಾಡಿ ಕೊಡ್ರಿ."

ಚನ್ನೇಶ ಫೋನು ಹಿಡಿದು ನಿಂತ. ಪರದೆಯ ಮೇಲೆ ಅವನದೇ ನಂಬರು. ಈಗ ಹೇಳಿಬಿಡಲೇ ಎಂದುಕೊಂಡ. ದಿನವಿಡೀ ಕೇಳಿದ ಬೈಗುಳ ನೆನಪಾಯಿತು. ಬ್ಲಾಕ್ ಒತ್ತಿ ಫೋನು ಹಿಂದಿರುಗಿಸಿದ.

ನಿರ್ಮಲಾ ಅದನ್ನು ಒಂದು ಕ್ಷಣ ನೋಡಿದಳು.

"ನಾ ಆ ನಂಬರಿಗೆ ಹಚ್ಚಿದಾಗ ನಿಮ್ಮ ಕಿಸೇನಾ ಗುಂಯ್ ಅಂತಿತ್ರಿ. ಎರಡ ಸರ್ತಿ ಹಚ್ಚಿ ನೋಡಿದೆ. ಅದಕ್ಕಾ ಬಾಜೂಕ ಬಂದು ಕುಂತೆ, ಪಾಪ ಅನಿಸ್ತು. ಈಗರ ಹೇಳತೀರಿ ಅಂತ ಮಾಡಿದ್ದೆ. ಹೇಳಿದ್ರ ಅದಾ ನಂಬರಿಗೆ ನಿಮ್ಮ ಹೆಸರು ಹಾಕಿ ಇಟಗೊಳ್ಳಾಕಿ ಇದ್ದೆ."

"ಅಲ್ರೀ, ಅದು..."

"ಇರಲಿ ಬಿಡ್ರಿ. ನೀವಾ ಬಂದ್ ಮಾಡೀರಿ."

ಬಸ್ಸು ಬಂತು. ಅವಳು ಹತ್ತಿದಳು, ಕಿಟಕಿಯಿಂದ ತಿರುಗಿ ನೋಡಲಿಲ್ಲ.

ಚನ್ನೇಶ ಫೋನು ತೆಗೆದ. ಮುಂಜಾನೆ ಬಂದ ಕರೆಗಳ ರಾಶಿಯಲ್ಲಿ ಎರಡು ಸಲ ಬಂದಿದ್ದ ನಂಬರನ್ನು ಹುಡುಕಿ ಹಚ್ಚಿದ. ಅರ್ಧ ರಿಂಗಾಗಿ ಕಡಿಯಿತು. ಮತ್ತೆ ಹಚ್ಚಿದ. ಮತ್ತೆ ಕಡಿಯಿತು.

ಅಷ್ಟರಲ್ಲಿ ನಾಸೀರ ಕೈ ಒರೆಸಿಕೊಳ್ಳುತ್ತ ಬಂದು ಅವನ ಹೆಗಲು ತಟ್ಟಿದ.

"ನಿಮ್ಮ ಹೆಸರು ಒಬ್ಬರಿಗೂ ತಿಳೀಲಿಲ್ಲ ನೋಡ್ರಿ. ಎಲ್ಲಾರ ಫೋನಿನ್ಯಾಗೂ ಆ ನಂಬರ್ ಬಂದ್ ಮಾಡಿ ಕಳಿಸೇನಿ. ಇನ್ನ ನಿಮ್ಮ ಸುದ್ದಿಗೆ ಯಾರೂ ಬರೂದಿಲ್ಲ, ಆರಾಮಿರ್ರಿ."