ಹಳ್ಳದ ಆಚೆಯ ಟವರು

ಮೊಬೈಲ್ ಟವರ್ ರಿಪೇರಿ ನನ್ನ ಕೆಲಸ. ಬೀದರದಿಂದ ಬೈಕ್ ಹತ್ತಿದರೆ ಭಾಲ್ಕಿ, ಔರಾದ, ಕಮಲನಗರ ಎಲ್ಲಾ ನನ್ನವೇ. ಯಂತ್ರ ಕೆಟ್ಟರೆ ಯಾಕೆ ಕೆಟ್ಟಿತು ಅಂತ ಕಂಡುಹಿಡಿಯಬಹುದು. ಮನುಷ್ಯರದು ಮಾತ್ರ ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಅದರಲ್ಲೂ ಔರಾದ ಕಡೆಯ ಒಂದು ವಾಡಿಗೆ, ಅಂದರೆ ಪುಟ್ಟ ಹಳ್ಳಿಗೆ, ಹೋದಾಗಲೆಲ್ಲ ತಲೆ ಕೆಟ್ಟು ಬರುತ್ತೇನೆ.

ಸ್ವಾಗತ

ಮೊದಲು ಅದು ಒಂದೇ ಊರು, ನಡುವೆ ಒಂದು ಹಳ್ಳ. ಬಸ್ಸು ಹಳ್ಳದ ಆ ಕಡೆಯೇ ನಿಂತು ತಿರುಗಿ ಹೋಗುತ್ತದೆ ಎಂಬ ಸಿಟ್ಟಿಗೆ ಈ ಕಡೆಯವರು ಒಂದು ದಿನ "ನಾವು ಬ್ಯಾರೆ" ಅಂದುಬಿಟ್ಟರು. ಕಲ್ಲು ನೆಟ್ಟು ತಮ್ಮ ವಾಡಿಯ ಹೆಸರು ಬರೆಸಿದರು. ಸರ್ಕಾರಕ್ಕೆ ಮಾತ್ರ ಈ ಸಂಗತಿ ಇನ್ನೂ ಗೊತ್ತಿಲ್ಲ. ಟವರು ಹಳೆ ಊರಲ್ಲಿ ಉಳಿಯಿತು. ವಾಡಿ ಇರುವುದು ತಗ್ಗಿನಲ್ಲಿ, ಸಿಗ್ನಲ್ ಇಲ್ಲ. ಫೋನ್ ಮಾಡಬೇಕಾದರೆ ಗುಡ್ಡ ಹತ್ತಬೇಕು.

ನಾನು ಮೊದಲ ಸಲ ಹೋದಾಗ ವಾಡಿಯ ಹಿರಿಯರೊಬ್ಬರು ನನ್ನನ್ನು ಗುಡ್ಡಕ್ಕೇ ಕರೆದುಕೊಂಡು ಹೋದರು.

"ಮಗಳು ಹೆರಿಗಿಗಿ ಬಂದಾಳ್ರಿ ಸಾಹೇಬ್ರ. ಬ್ಯಾನಿ ಬಂದ್ರ ಆಂಬುಲೆನ್ಸಿಗಿ ಫೋನ್ ಹಚ್ಚಲಾಕ ಇಷ್ಟು ಎತ್ತರ ಏರಬೇಕೇನ್ರಿ? ನಮಗೊಂದು ಟವರ್ ಕೊಡ್ಸ್ರಿ."

ಅಷ್ಟರಲ್ಲಿ ಅವರ ಫೋನ್ ಟಿಣ್ ಅಂದಿತು. ಗಡಿಯಾಚೆಯ ಟವರು ಹಿಡಿದು ಮಹಾರಾಷ್ಟ್ರಕ್ಕೆ ಸ್ವಾಗತ ಅಂತ ಮೆಸೇಜ್ ಬಂದಿತ್ತು. ಓದಿ ಹೇಳಿದೆ. ಹಿರಿಯರ ಮುಖ ಸಣ್ಣದಾಯಿತು.

"ಊರು ಬಿಟ್ಟಿದ್ದು ಖರೆರಿ. ರಾಜ್ಯಾ ಬಿಟ್ಟೀವಂತ ಇವ್ರಿಗಿ ಯಾರ್ ಹೇಳ್ಯಾರ?"

ವಾಡಿಯ ಮೈಕು

ಟವರಿನ ಅರ್ಜಿ ಮೇಲೆ ಹೋಯಿತು. ಜಾಗ ಅಳೆಯಲು ಎರಡನೇ ಸಲ ಹೋದಾಗ ವಾಡಿಯಲ್ಲಿ ಬೇವಿನ ಮರಕ್ಕೆ ಹೊಸ ಮೈಕು ಕಟ್ಟಿದ್ದರು. ಹಳೆ ಊರಿನ ಮೈಕಿನಲ್ಲಿ ರೇಷನ್ನು, ನೀರು, ಪಂಚಾಯ್ತಿ ಸುದ್ದಿ ಎಲ್ಲ ಕೂಗುತ್ತಾರೆ. ಅದು ವಾಡಿಗೂ ಚೆನ್ನಾಗಿಯೇ ಕೇಳುತ್ತದೆ. ಆದರೆ ಅವರ ಮೈಕಿನ ಸುದ್ದಿ ಕೇಳುವುದು ವಾಡಿಯ ಮರ್ಯಾದೆಗೆ ಕಡಿಮೆ. ಹೀಗಾಗಿ ವಾಡಿಯ ಮೈಕಿನವನು ಅದನ್ನು ಕಿವಿಗೊಟ್ಟು ಕೇಳಿ, ಅದೇ ಸುದ್ದಿಯನ್ನು ಅಕ್ಷರ ಬಿಡದೆ ತನ್ನ ಮೈಕಿನಲ್ಲಿ ಕೂಗುತ್ತಿದ್ದ. ಆಮೇಲೆಯೇ ವಾಡಿಯವರು ಆಗಷ್ಟೇ ಕೇಳಿಸಿಕೊಂಡವರಂತೆ ಎದ್ದು ಹೊರಡುವುದು.

ಅವತ್ತು ಹಳೆ ಊರಿನ ಮೈಕು ಕೂಗಿತು: "ಹಳ್ಳದ ಆ ಕಡಿಯವರ ಎಮ್ಮಿ ನಮ್ಮ ತೊಗರಿ ಹೊಲದಾಗ ಹೊಕ್ಕದ. ಬಂದು ಹೊಡ್ಕೊಂಡು ಹೋಗ್ರಿ."

ವಾಡಿಯ ಮೈಕೂ ಗಂಟಲು ಸರಿಮಾಡಿಕೊಂಡು ಅದನ್ನೇ ಕೂಗಿತು. ವಾಡಿಯವರು ಕೋಲು ಹಿಡಿದು ತಮ್ಮ ಹೊಲಕ್ಕೆ ಓಡಿದರು. ಅದು ಕೇಳಿಸಿದ ಹಳೆ ಊರಿನವರು ತಮ್ಮ ಎಮ್ಮೆ ಯಾವುದು ಹೋಯಿತು ಅಂತ ಕೊಟ್ಟಿಗೆಗೆ ಓಡಿದರು. ಎಮ್ಮೆ ಒಂದೇ ಆರಾಮಾಗಿ ನಿಂತು ತೊಗರಿ ಮೇಯಿತು.

ಡ್ರಮ್ಮಿನ ಮಾರಿ

ಕೊನೆಗೂ ಹಿರಿಯರ ಜಾಗದಲ್ಲೇ ಟವರು ನಿಂತಿತು. ಗೇಟಿನ ಕೀಲಿ ಅವರ ಉಡದಾರದಲ್ಲಿ. ಚಾಲೂ ಮಾಡುವ ದಿನ ತೆಂಗಿನಕಾಯಿ ಒಡೆದು ಎಲ್ಲರೂ ಮೇಲೆ ನೋಡುತ್ತಾ ನಿಂತರು. ಹಿರಿಯರು ಟವರಿನ ತುದಿಯ ದುಂಡನೆಯ ಬಿಳಿ ಡ್ರಮ್ಮಿಗೆ ಬೆರಳು ಮಾಡಿದರು. ಅದರ ಮುಖ ಹಳ್ಳದ ಆಚೆಗಿತ್ತು.

"ಇದರ ಮಾರಿ ಅವರ ಊರ ಕಡಿ ಯಾಕದರಿ?"

ನನಗೆ ಸುಳ್ಳು ಹೇಳಲು ಬರುವುದಿಲ್ಲ, ಅದೇ ತೊಂದರೆ. "ಕಾಕಾ, ಸಿಗ್ನಲ್ ಆ ಊರಿನ ಟವರಿನಿಂದಾನೇ ಬರೋದ್ರಿ. ಅಲ್ಲಿಂದ ಇದು ಹಿಡೀತದ, ಇಲ್ಲಿ ಹಂಚ್ತದ."

"ಅವರು ಕೊಟ್ಟಿದ್ದು ನಮಗ ಬ್ಯಾಡ. ತಿರುಗಿಸ್ರಿ!"

ತಿರುಗಿಸದಿದ್ದರೆ ಕೀಲಿ ಹಾಕುತ್ತಾರೆ, ತಿರುಗಿಸಿದರೆ ಸಿಗ್ನಲ್ ಹೋಗುತ್ತದೆ. ಇತ್ತ ದರಿ ಅತ್ತ ಪುಲಿ. ಬೈಗುಳ ತಿನ್ನಲಾರದೆ ನಾನೇ ಮೇಲೆ ಹತ್ತಿ ಅದನ್ನು ಗುಡ್ಡದ ಕಡೆ ತಿರುಗಿಸಿದೆ. ಕೆಳಗೆ ಚಪ್ಪಾಳೆ ಬಿತ್ತು. ಎಲ್ಲರೂ ಫೋನ್ ತೆಗೆದು ನೋಡಿದರು. ಒಂದರಲ್ಲೂ ಸಿಗ್ನಲ್ಲಿನ ಕಡ್ಡಿ ಇಲ್ಲ. ಹಿರಿಯರ ಮನೆಯ ಬಾಗಿಲಲ್ಲಿ ದಿನ ತುಂಬಿದ ಮಗಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅವಳಿಗೆ ಬ್ಯಾನಿ ಬಂದರೆ ಮತ್ತೆ ಗುಡ್ಡವೇ ಗತಿ. ಆದರೆ ಹಿರಿಯರಿಗೆ ಹೇಳುವವರು ಯಾರು?

ಅವರ ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಏನ್ರಿ, ನಾನೂ ಆ ಊರಾಕಿನೇ ಇದ್ದೀನಿ. ನನ್ ತವರುಮನಿ ಅಲ್ಲೇ ಅದ. ಇಷ್ಟು ವರ್ಷ ನನ್ನ ಕೈಯಾಗಿನ ರೊಟ್ಟಿ ತಿಂದೀರಿ. ಈಗ ನನಗೂ ಗುಡ್ಡದ ಕಡಿ ಮಾರಿ ಮಾಡಿ ಕೂಡಸ್ರಿ. ಸಂಜಿಗಿ ರೊಟ್ಟಿ ಯಾವ ಟವರಿನಿಂದ ಬರ್ತದ ನೋಡಮು."

ಹಿರಿಯರು ಹೆಂಡತಿಯನ್ನು ನೋಡಿದರು, ಮಗಳನ್ನು ನೋಡಿದರು, ಡ್ರಮ್ಮನ್ನು ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದರು:

"ತಿರುಗಿಸ್ರಿ ಸಾಹೇಬ್ರ. ಆದ್ರ ಒಂಚೂರು ಓರಿ ಇರ್ಲಿ. ನಾವೇ ಅವರ ಕಡಿ ನೋಡ್ಲಾಕತ್ತೀವಿ ಅಂತ ಆ ಊರವ್ರು ಅನ್ನಬಾರದು."