ನಮ್ಮ ಮನೆ ಸಂಪಿನ ಬಾಯಿ

ಮದುವೆ ಮನೆಗಳಲ್ಲಿ ಯಾರಾದರೂ ನನ್ನ ಕೆಲಸ ಏನೆಂದು ಕೇಳಿದರೆ ‘ಕಂಪ್ಯೂಟರ್ ಕೆಲಸ’ ಎಂದು ಹೇಳಿ ಎಲೆಯ ಮೇಲಿನ ಪಲ್ಯದ ಕಡೆ ಗಮನ ಕೊಟ್ಟುಬಿಡುತ್ತೇನೆ. ಇದು ಪೂರ್ತಿ ಸುಳ್ಳೇನಲ್ಲ, ದಿನವಿಡೀ ಕಂಪ್ಯೂಟರ್ ಮುಂದೆಯೇ ಕೂತಿರುತ್ತೇನೆ. ನಿಜ ಹೇಳಿದರೆ ಏನಾಗುತ್ತದೆಂಬ ಅನುಭವ ನನಗಿದೆ. ಊರಿಗೆ ಇನ್ನು ಮೂವತ್ತು ವರ್ಷಕ್ಕೆ ಎಷ್ಟು ದಪ್ಪದ ಪೈಪು ಬೇಕು, ಮಳೆನೀರು ಹರಿಯುವ ರಾಜಕಾಲುವೆ ಎಷ್ಟು ಅಗಲ ಇರಬೇಕು ಎಂದು ವರದಿ ಬರೆಯುವ ಇಂಜಿನಿಯರ್ ನಾನು ಎಂದ ತಕ್ಷಣ ಪಕ್ಕದವರು, ‘ಹಾಗಾದ್ರೆ ನಾಳೆ ನಮ್ಮ ಬೀದಿಗೆ ಕಾವೇರಿ ನೀರು ಬಿಡ್ತಾರಾ ಮೇಡಂ?’ ಎನ್ನುತ್ತಾರೆ. ಮೂವತ್ತು ವರ್ಷದ ನಂತರದ್ದು ಕೇಳಿದ್ದರೆ ಏನಾದರೂ ಹೇಳಬಹುದಿತ್ತು. ಅಷ್ಟು ಹೊತ್ತಿಗೆ ಕೇಳಿದವರೂ ಇರುವುದಿಲ್ಲ, ಹೇಳಿದವಳೂ ನಿವೃತ್ತಳಾಗಿರುತ್ತಾಳೆ.

ನಮ್ಮ ಕಚೇರಿಯ ಕಷ್ಟ ಹೊರಗಿನವರಿಗೆ ಗೊತ್ತಿಲ್ಲ. ಮುಂದಿನ ಮಳೆ ಹೇಗಿರುತ್ತದೆಂದು ಹೇಳುವ ಲೆಕ್ಕಗಳು ಒಂದೆರಡಲ್ಲ. ಒಂದು ಲೆಕ್ಕ ಮಳೆ ಹೆಚ್ಚುತ್ತದೆ ಎನ್ನುತ್ತದೆ, ಇನ್ನೊಂದು ಅದೇ ಊರಿಗೆ, ಅದೇ ತಿಂಗಳಿಗೆ ಕಡಿಮೆಯಾಗುತ್ತದೆ ಎನ್ನುತ್ತದೆ. ಬಂದರೆ ಒಂದೇ ಸಲ ಸುರಿಯುತ್ತದೆ, ಬರದಿದ್ದರೆ ತಿಂಗಳುಗಟ್ಟಲೆ ಬರುವುದಿಲ್ಲ ಎಂಬಷ್ಟರಲ್ಲಿ ಮಾತ್ರ ಸುಮಾರಾಗಿ ಎಲ್ಲವೂ ಒಪ್ಪುತ್ತವೆ. ನಾನು ಇದನ್ನೆಲ್ಲ ‘ಇಷ್ಟರಿಂದ ಇಷ್ಟರವರೆಗೆ ಆಗಬಹುದು’ ಎಂದು ಬರೆದು ನಮ್ಮ ಸಾಹೇಬರ ಮುಂದಿಟ್ಟರೆ ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಾರೆ. ‘ಒಂದು ನಂಬರ್ ಕೊಡಮ್ಮ. ಕಾಂಟ್ರಾಕ್ಟರ್ ಪೈಪ್ ತರೋಕೆ ಹೋದಾಗ ಅಂಗಡಿಯವನ ಹತ್ರ ಇಷ್ಟರಿಂದ ಇಷ್ಟು ದಪ್ಪದ್ದು ಕೊಡಿ ಅನ್ನೋಕಾಗುತ್ತಾ?’ ಎನ್ನುತ್ತಾರೆ. ಅವರು ಹೇಳುವುದರಲ್ಲೂ ತಪ್ಪಿಲ್ಲ.

ನಾನು ಹೇಳಹೊರಟಿರುವುದು ಕಚೇರಿಯ ವಿಷಯವಲ್ಲ, ನಮ್ಮ ಮನೆಯ ವಿಷಯ. ವಿಜಯನಗರದ ಇಳಿಜಾರಿನ ಒಂದು ಅಡ್ಡರಸ್ತೆಯಲ್ಲಿ ನಮ್ಮದೊಂದು ಹಳೆಯ ಮನೆ. ಮೇಲೆ ನಾನು, ನಮ್ಮೆಜಮಾನರು. ಕೆಳಗೆ ಬಾಡಿಗೆಗೆ ನೀಲಕ್ಕ. ಗದಗದ ಕಡೆಯ ಹೆಂಗಸು, ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಮುಂದಿನ ಹಾಲಿನಲ್ಲಿ ಖಾನಾವಳಿ ಇಟ್ಟವಳು. ನಮ್ಮ ಏರಿಯಾದಲ್ಲಿ ಸರ್ಕಾರಿ ಪರೀಕ್ಷೆಗೆ ಓದುವವರು ಲೆಕ್ಕವಿಲ್ಲದಷ್ಟಿದ್ದಾರೆ, ಅದರಲ್ಲೂ ಉತ್ತರ ಕರ್ನಾಟಕದವರು. ಅವರೆಲ್ಲ ಮಧ್ಯಾಹ್ನ ನೀಲಕ್ಕನ ರೊಟ್ಟಿಗೆ ಸಾಲು ನಿಲ್ಲುತ್ತಿದ್ದರು. ರೊಟ್ಟಿ ಬಡಿಯುವ ಸದ್ದು ನಮ್ಮ ಅಡುಗೆಮನೆಯ ನೆಲದ ಮೂಲಕ ಕೇಳಿಸುತ್ತಿತ್ತು. ಆ ಸದ್ದು ಶುರುವಾದರೆ ಹನ್ನೊಂದು ಗಂಟೆಯಾಯಿತೆಂದು ಅರ್ಥ. ಒಮ್ಮೆ ಊಟಕ್ಕೆ ಬಂದವನೊಬ್ಬ ಮೆಟ್ಟಿಲ ಬಳಿ ನನ್ನನ್ನು ತಡೆದು, ‘ಮೇಡಂ, ಹವಾಮಾನ ಬದಲಾವಣೆ ಬಗ್ಗೆ ಹತ್ತು ಮಾರ್ಕಿಗೆ ಏನು ಬರೀಬೇಕ್ರಿ?’ ಎಂದು ಕೇಳಿದ. ನಾನು ಅರ್ಧ ಗಂಟೆ ಹೇಳಿದೆ. ಪಾಪ, ಅವನ ಊಟದ ಹೊತ್ತು ಮೀರಿತು.

ಎರಡು ಬೇಸಿಗೆಯ ಹಿಂದೆ ನಮ್ಮ ಬೋರ್‌ವೆಲ್ ಬರೀ ಗಾಳಿ ಉಗುಳತೊಡಗಿತು. ಟ್ಯಾಂಕರ್‌ನವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ನೀಲಕ್ಕ ಮೊದಲು ತಟ್ಟೆ ಬಿಟ್ಟು ಎಲೆಗೆ ಬಂದಳು, ಆಮೇಲೆ ಸಾರು ಬಿಟ್ಟು ಚಟ್ನಿಪುಡಿಗೆ ಬಂದಳು, ಕೊನೆಗೆ ಮೂರು ವಾರ ಬಾಗಿಲು ಹಾಕಿದಳು. ಹನ್ನೊಂದು ಗಂಟೆಗೆ ಕೆಳಗಿನಿಂದ ಸದ್ದು ಬರಲಿಲ್ಲ. ಮೇಲೆ ಊರಿನ ನೀರಿಗೇ ಯೋಜನೆ ಹಾಕುವ ಇಂಜಿನಿಯರ್, ಕೆಳಗೆ ಹಿಟ್ಟು ಕಲಸಲು ನೀರಿಲ್ಲದ ಹೆಂಗಸು. ನನಗೆ ಮೆಟ್ಟಿಲು ಇಳಿಯಲು ನಾಚಿಕೆಯಾಗುತ್ತಿತ್ತು.

ಆ ನಾಚಿಕೆಯಲ್ಲೇ ದೊಡ್ಡ ಸಂಪು ಕಟ್ಟಿಸುವ ನಿರ್ಧಾರ ಮಾಡಿದೆ. ಅಂಗಳ ಪೂರ್ತಿ ಅಗೆದು ನೆಲದೊಳಗೆ ತೊಟ್ಟಿ, ಅದಕ್ಕೆ ಮಾಳಿಗೆಯ ಮಳೆನೀರೂ ಬರಬೇಕು, ಸಿಕ್ಕಾಗ ಟ್ಯಾಂಕರ್ ನೀರೂ ತುಂಬಬೇಕು. ನಮ್ಮೆಜಮಾನರು, ‘ನೀನೇ ಇಂಜಿನಿಯರ್, ನನ್ನನ್ನೇನು ಕೇಳ್ತೀಯಾ’ ಎಂದು ಪತ್ರಿಕೆ ಮಡಿಸಿದರು. ನೀಲಕ್ಕ ಮಾತ್ರ ಕೇಳಿದಳು, ‘ಮೇಡಂರೀ, ಮುಂದಿನ ವರ್ಷ ಮಳಿ ಆಗ್ತೈತೋ ಇಲ್ಲೋ?’ ನಾನು ಖಂಡಿತವಾಗಿ ಹೇಳಿದೆ, ‘ಇನ್ನು ಮೇಲೆ ಹೀಗೇ ನೀಲಕ್ಕ, ಬರಾನೇ ಜಾಸ್ತಿ. ನೀರು ಕೂಡಿಟ್ಟುಕೊಳ್ಳೋರು ಬದುಕ್ತಾರೆ.’ ಒಂದೇ ಉತ್ತರ ಕೊಟ್ಟೆ. ನಮ್ಮ ಸಾಹೇಬರು ಕೇಳಿದ್ದರೆ ಸಂತೋಷಪಡುತ್ತಿದ್ದರು.

ಕೆಲಸಕ್ಕೆ ಬಂದವರು ಕಾಮಾಕ್ಷಿಪಾಳ್ಯದ ಮುರುಗೇಶ್ ಮೇಸ್ತ್ರಿ. ಗುಂಡಿ ಅಗೆದು, ಗೋಡೆ ಕಟ್ಟಿ, ಮುಚ್ಚಳದ ಹಂತಕ್ಕೆ ಬಂದಾಗ ಅವರು ರಸ್ತೆಯನ್ನೊಮ್ಮೆ, ಸಂಪನ್ನೊಮ್ಮೆ ನೋಡಿದರು. ‘ಮೇಡಂ, ಬಾಯಿ ಒಂದಡಿ ಮೇಲಕ್ಕೆ ಎತ್ತಿಬಿಡೋಣ. ಡಾಂಬರ್ ಹಾಕಿ ಹಾಕಿ ರೋಡ್ ಎತ್ತರ ಆಗಿದೆ, ನಿಮ್ಮ ಅಂಗಳ ತಗ್ಗಲ್ಲಿದೆ. ಜೋರು ಮಳೆ ಬಂದ್ರೆ ಮೋರಿ ನೀರು ಒಳಗೆ ಬರುತ್ತೆ.’ ನಾನು ನಕ್ಕೆ. ‘ಇಪ್ಪತ್ತು ವರ್ಷದಿಂದ ಇಲ್ಲಿದೀವಿ ಮೇಸ್ತ್ರಿ, ಒಂದು ದಿನಾನೂ ಗೇಟ್ ದಾಟಿ ನೀರು ಬಂದಿಲ್ಲ’ ಎಂದೆ. ಹಿಂದೆ ಬಿದ್ದ ಮಳೆಯನ್ನು ನಂಬಿ ಮುಂದಿನದಕ್ಕೆ ಕಟ್ಟಬಾರದು ಎಂಬುದು ನಾನು ಬರೆಯುವ ಪ್ರತಿಯೊಂದು ವರದಿಯ ಮೊದಲ ಪುಟದಲ್ಲಿ ಇರುತ್ತದೆ. ನಾನೇ ಬರೆದದ್ದು, ದಪ್ಪ ಅಕ್ಷರದಲ್ಲಿ. ಇನ್ನೂ ನಿಜ ಹೇಳಬೇಕೆಂದರೆ ಬಾಯಿ ಎತ್ತರಿಸಿದರೆ ನಮ್ಮ ಕಾರು ಒಳಗೆ ಬರುತ್ತಿರಲಿಲ್ಲ. ಮೇಸ್ತ್ರಿ ಮುಚ್ಚಳವನ್ನು ನೆಲದ ಸಮಕ್ಕೆ ಕೂರಿಸಿದರು.

ಮಾರನೆಯ ವರ್ಷ ಒಂದು ಸಂಜೆ ಮಳೆ ಬಂತು. ಒಂದು ಗಂಟೆಯೂ ಬರಲಿಲ್ಲ. ಆದರೆ ಆ ಒಂದು ಗಂಟೆಯಲ್ಲಿ ಕೆಳಗಿನ ರಾಜಕಾಲುವೆ ತುಂಬಿ, ನಮ್ಮ ರಸ್ತೆಯ ಮೋರಿ ಹಿಂದಕ್ಕೆ ಹರಿದು, ಕಪ್ಪು ನೀರು ಗೇಟಿನ ಕೆಳಗಿಂದ ಅಂಗಳಕ್ಕೆ ಬಂತು. ನಾನು ಆಗ ಮೆಟ್ರೋದಲ್ಲಿದ್ದೆ. ಮನೆಗೆ ಬರುವಷ್ಟರಲ್ಲಿ ನೀರು ಇಳಿದು ಅಂಗಳದಲ್ಲಿ ಒಂದಿಷ್ಟು ಕೆಸರು ಮಾತ್ರ ಉಳಿದಿತ್ತು. ನಮ್ಮೆಜಮಾನರು ಅದನ್ನು ಪೊರಕೆಯಿಂದ ತಳ್ಳುತ್ತಾ, ‘ಏನೂ ಆಗಿಲ್ಲ ಬಿಡು’ ಎಂದರು. ಸಂಪಿನ ಮುಚ್ಚಳ ಎತ್ತಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಬೆಳಿಗ್ಗೆ ಎಂದಿನಂತೆ ಮೋಟರ್ ಹಾಕಿದೆವು. ಎರಡೂ ಮನೆಗೆ ನೀರು ಕೊಡುವ ಮೇಲಿನ ಟ್ಯಾಂಕ್ ತುಂಬಿತು. ನಮ್ಮ ಅಡುಗೆಗೆ ಫಿಲ್ಟರ್ ಇತ್ತು. ನೀಲಕ್ಕನ ಮಜ್ಜಿಗೆಗೆ ಇರಲಿಲ್ಲ.

ಆ ಮಧ್ಯಾಹ್ನ ಉಂಡವರಲ್ಲಿ ಏಳೆಂಟು ಜನ ವಾಂತಿಭೇದಿಯಿಂದ ಮಲಗಿದರು. ಭಾನುವಾರ ಅವರಿಗೆ ಪರೀಕ್ಷೆಯಿತ್ತು. ಇಬ್ಬರಿಗೆ ಬರೆಯಲಾಗಲಿಲ್ಲ, ಅದರಲ್ಲೊಬ್ಬನಿಗೆ ವಯಸ್ಸಿನ ಮಿತಿಯಲ್ಲಿ ಅದೇ ಕೊನೆಯ ಸಲವಂತೆ. ನಾನು ಮುಚ್ಚಳ ತೆಗೆಸಿ ನೋಡಿದಾಗ ವಾಸನೆಗೆ ಎರಡು ಹೆಜ್ಜೆ ಹಿಂದೆ ಸರಿದೆ. ಸಂಪು ತೊಳೆಸಿದೆ, ಬ್ಲೀಚಿಂಗ್ ಪೌಡರ್ ಹಾಕಿಸಿದೆ, ಮೇಸ್ತ್ರಿಯನ್ನು ಕರೆಸಿ ಬಾಯಿ ಎತ್ತರಿಸಿದೆ. ಕಾರು ಈಗ ರಸ್ತೆಯಲ್ಲಿ ನಿಲ್ಲುತ್ತದೆ. ಇಷ್ಟನ್ನೂ ಮಾಡಿದವಳು ಒಂದು ಕೆಲಸ ಮಾತ್ರ ಮಾಡಲಿಲ್ಲ. ‘ನೀಲಕ್ಕನ ಅಡುಗೆಮನೆ ಗಲೀಜಂತೆ’ ಎಂದು ಬೀದಿಯಲ್ಲೆಲ್ಲ ಮಾತು ಹಬ್ಬಿದಾಗ, ಗಲೀಜು ನನ್ನ ಸಂಪಿನದು ಎಂದು ಹೇಳಬೇಕಿತ್ತು. ನಾಳೆ ಹೇಳೋಣ ಎಂದುಕೊಂಡೆ. ಇಂಜಿನಿಯರ್ ಮನೆಯ ಸಂಪಿಗೇ ಮೋರಿ ನೀರು ನುಗ್ಗಿತು ಎಂದರೆ ಜನ ಏನೆಂದುಕೊಂಡಾರು ಎಂದೂ ಅಂದುಕೊಂಡೆ. ಅಷ್ಟರಲ್ಲಿ ಸಾಲು ಕರಗಿತು. ಎರಡು ತಿಂಗಳಿಗೆ ನೀಲಕ್ಕ ರೊಟ್ಟಿಯ ಹಂಚು ಗೋಣಿಚೀಲದಲ್ಲಿ ಕಟ್ಟಿಕೊಂಡು ಕೆಂಗೇರಿಗೆ ಹೋದಳು. ಹೋಗುವಾಗ ನನ್ನ ಕೈಗೆ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕೊಟ್ಟಳು. ಅದನ್ನು ತಿನ್ನಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ.

ಹೋದ ತಿಂಗಳು ಅವಳದೇ ಫೋನ್ ಬಂತು. ‘ಮೇಡಂರೀ, ಇಲ್ಲೊಂದು ಸಣ್ಣ ಜಾಗ ಸಿಕ್ಕೈತಿ. ನೀರಿಂದು ನನಗೇನೂ ತಿಳಿಯಂಗಿಲ್ಲ. ನೀವೊಮ್ಮೆ ಬಂದು ನೋಡ್ರಿ.’ ಇಷ್ಟೆಲ್ಲ ಆದ ಮೇಲೂ ಅವಳು ನನ್ನನ್ನೇ ಕರೆದಿದ್ದಳು. ಶನಿವಾರ ಹೋದೆ. ಬೀದಿಯ ಕೊನೆಯ ಮನೆ, ಹಿಂದೆ ಒಂದು ಕಾಲುವೆ. ಸಂಪಿನ ಬಾಯಿ ನೋಡಿದೆ, ಕಾಲುವೆಯ ಗೋಡೆ ನೋಡಿದೆ, ರಸ್ತೆಯ ಇಳಿಜಾರು ನೋಡಿದೆ.

‘ಹೆಂಗೈತ್ರಿ?’ ಎಂದಳು.

‘ಗೊತ್ತಿಲ್ಲ ನೀಲಕ್ಕ’ ಎಂದೆ. ‘ನೀರೇ ಸಿಗದೆ ಹೋಗಬಹುದು, ಮನೆಯೊಳಗೇ ನುಗ್ಗಬಹುದು. ಯಾವುದು ಮೊದಲು ಅಂತ ನನಗೆ ಗೊತ್ತಿಲ್ಲ. ಅಲ್ಲಿ ಆಗಿದ್ದು ನಿನ್ನ ಅಡುಗೆಮನೆಯಿಂದಲ್ಲ. ಅದು ನನ್ನ ಸಂಪು. ಮೇಸ್ತ್ರಿ ಎತ್ತರಿಸೋಣ ಅಂದಿದ್ರು, ನಾನೇ ಬೇಡ ಅಂದೆ.’

ನೀಲಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. ‘ಮೇಸ್ತ್ರಿ ಬಾಯಿ ಎತ್ತರಿಸಾಕ ಬಂದಾಗ ಹೇಳಿದ್ದರ್ರಿ’ ಎಂದಳು. ‘ನೀವ ಒಂದಿನ ಕೆಳಗಿಳಿದು ಬಂದು ಹೇಳ್ತೀರಿ ಅಂತ ಎರಡು ತಿಂಗಳು ಕಾದೆ.’

ಅವಳು ಒಳಗೆ ಹೋಗಿ ಒಂದು ಲೋಟ ನೀರು ತಂದಳು. ‘ಕಾಸಿ ಆರಿಸಿದ್ದೈತ್ರಿ, ಕುಡೀರಿ’ ಎಂದಳು. ಕುಡಿದೆ. ಅವಳು ಆ ಜಾಗ ಹಿಡಿಯಲಿಲ್ಲ. ಖಾನಾವಳಿಯ ಯೋಚನೆಯನ್ನೇ ಬಿಟ್ಟು ಈಗ ಯಾರದೋ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುತ್ತಾಳಂತೆ.

‘ಗೊತ್ತಿಲ್ಲ’ ಎಂದು ಹೇಳಿದ್ದರಿಂದ ಮನಸ್ಸು ಎಷ್ಟು ಹಗುರವಾಯಿತೆಂದರೆ, ಇನ್ನು ಮುಂದೆ ಎಲ್ಲರಿಗೂ ಹೀಗೇ ಹೇಳಬೇಕು ಎಂದು ಮೆಟ್ರೋದಲ್ಲಿ ತೀರ್ಮಾನಿಸಿಕೊಂಡೇ ಬಂದೆ. ಸೋಮವಾರ ಹೊಸ ಬಡಾವಣೆಯೊಂದರ ಕಾಲುವೆಯ ಕಡತ ಮೇಜಿನ ಮೇಲಿತ್ತು. ಸಾಹೇಬರು ಬಾಗಿಲಲ್ಲಿ ನಿಂತು, ‘ಮಧ್ಯಾಹ್ನದೊಳಗೆ ನಂಬರ್ ಬೇಕಮ್ಮ’ ಎಂದರು. ನಾನು ಬಾಯಿ ತೆರೆದೆ. ‘ಕೊಡ್ತೀನಿ ಸಾರ್’ ಎಂಬ ಮಾತು ಬಂತು. ಹನ್ನೆರಡರ ಹೊತ್ತಿಗೆ ಕೊಟ್ಟೂ ಕೊಟ್ಟೆ. ದಶಾಂಶದ ನಂತರ ಎರಡು ಅಂಕಿ ಸೇರಿಸಿದ್ದೆ, ಹಾಗಿದ್ದರೆ ಯಾರೂ ತಿರುಗಿ ಪ್ರಶ್ನೆ ಕೇಳುವುದಿಲ್ಲ.