ಮಾನವ ಮಾದರಿ-ಧಾರಕ, ಕ್ರಮಸಂಖ್ಯೆ ಒಂದು

ಹ್ಯಾಡಕ್ ದ್ವೀಪದಲ್ಲಿ ಗಾಂಜಾ ಬೆಳೆಯುವುದು ಕಾನೂನುಬದ್ಧ. ಎದುರು ದಡದಲ್ಲಿ ಅದನ್ನು ಸೇದುವುದೂ ಕಾನೂನುಬದ್ಧ. ಎರಡೂ ಒಂದೇ ರಾಜ್ಯ. ಆದರೆ ನಡುವಿನ ಸಮುದ್ರ ಅಮೆರಿಕದ ಕೇಂದ್ರ ಸರ್ಕಾರಕ್ಕೆ ಸೇರಿದ್ದು, ಅಲ್ಲಿ ಅದೇ ಎಲೆ ಘೋರ ಅಪರಾಧ. ದ್ವೀಪದವರಾದ ನಾವು ಈ ಏರ್ಪಾಡನ್ನು ತಲೆಬಾಗಿ ಒಪ್ಪಿಕೊಂಡಿದ್ದೇವೆ. ಚಳಿಗಾಲದಲ್ಲಿ ನಮಗೆ ಬೇರೆ ಕೆಲಸವೂ ಇರುವುದಿಲ್ಲ.

ತೊಡಕು ಹುಟ್ಟಿದ್ದು ಡಾರ್ಕಸ್ ಮೆಡೀರೋಸ್ ಅವರ ಹಸಿರುಮನೆಯಲ್ಲಿ. ಎಪ್ಪತ್ತಾರರ ಈ ಮುದುಕಿ ಟೊಮ್ಯಾಟೊ ಕೈಬಿಟ್ಟು, ಪರವಾನಗಿ ಪಡೆದು, ಸಂಧಿವಾತದ ಮೀನುಗಾರರಿಗೆಂದು ಗಾಂಜಾ ಬೆಳೆದಿದ್ದರು. ಪ್ರಯೋಗಾಲಯದ ವರದಿಯಿಲ್ಲದೆ ಒಂದೆಲೆಯನ್ನೂ ಮಾರಕೂಡದೆಂಬುದು ರಾಜ್ಯದ ನಿಯಮ. ಪ್ರಯೋಗಾಲಯ ಇರುವುದು ಆಚೆ ದಡದಲ್ಲಿ. ತೊಂಬತ್ತು ದಿನದೊಳಗೆ ವರದಿ ಬಾರದಿದ್ದರೆ ಬೆಳೆಯನ್ನು ಸುಡಬೇಕು.

ಸುಡಿಸುವ ಹೊಣೆ ತೂಕ ಮತ್ತು ತಪಾಸಣಾ ಇಲಾಖೆಯ ಎಲೈಹು ಫುರ್ಟಾಡೊ ಅವರದು. ಮೂವತ್ತು ವರ್ಷ ಮೀನುಪೇಟೆಯ ತಕ್ಕಡಿಗಳನ್ನು ಪರೀಕ್ಷಿಸಿದ್ದ ಎಲೈಹು, ಗಾಂಜಾದ ಗಂಧಗಾಳಿ ಇಲ್ಲದವರೆಂಬ ಕಾರಣಕ್ಕೆ ಗಾಂಜಾ ವಿಭಾಗಕ್ಕೆ ನೇಮಕಗೊಂಡಿದ್ದರು. ಪಿಂಚಣಿಗೆ ಹದಿನಾಲ್ಕು ತಿಂಗಳು ಬಾಕಿ ಇತ್ತು. ಒಂದು ನಿಯಮವನ್ನೂ ಮುರಿಯದೆ ಅಲ್ಲಿಗೆ ತಲುಪುವುದೊಂದೇ ಅವರ ಜೀವನದ ಗುರಿ.

"ಡಾರ್ಕಸ್ ಆಂಟಿ, ಶುಕ್ರವಾರ ಸುಡ್ಬೇಕು," ಎಂದರು, ಬೂಟಿನ ತುದಿ ನೋಡುತ್ತ.

"ಸುಡೋ ಮಾರಾಯ. ಹೊಗೆ ಸಮುದ್ರದ ಮೇಲೆ ಹೋದ್ರೆ ಕೇಂದ್ರದವರು ನಿನ್ನ ಹಿಡೀತಾರೆ. ನನ್ನ ಬೆರಳು ನೋಡಿಲ್ಲಿ, ಡಬ್ಬಿ ಮುಚ್ಚಳ ತೆಗಿಯಕ್ಕಾಗಲ್ಲ. ಈ ಎಲೆ ಇದ್ರೆ ತೆಗೀತೀನಿ. ನಿನ್ನ ಇಲಾಖೆ ಬಂದು ತೆಗ್ದುಕೊಡತ್ತಾ?"

ಎಲೈಹು ಡಬ್ಬಿಯ ಮುಚ್ಚಳ ತೆಗೆದುಕೊಟ್ಟರು. ಆಮೇಲೆ, ಹೊಗೆಯ ಬಗ್ಗೆ ನಿಯಮವೇನೆಂದು ಕೇಳಲು ದಡದಲ್ಲಿದ್ದ ನಿರ್ದೇಶಕಿ ವಿಟ್ಕಂಬ್ ಅವರಿಗೆ ಫೋನ್ ಮಾಡಿದರು.

"ಸುಡೋದು ಬೇಡ," ಎಂದರು ನಿರ್ದೇಶಕಿ. "ಕೇಂದ್ರದ ಕಾನೂನು ಓದ್ತಾ ಇದ್ದೀನಿ. ಚೀಲದಲ್ಲಿ ಸಾಗಿಸಬಾರದು, ಜೇಬಲ್ಲಿ ಸಾಗಿಸಬಾರದು, ವಾಹನದಲ್ಲಿ ಸಾಗಿಸಬಾರದು ಅಂತಿದೆ. ಹೊಟ್ಟೆ ಅಂತ ಎಲ್ಲೂ ಇಲ್ಲ."

"ಯಾರ ಹೊಟ್ಟೆ ಮೇಡಂ?"

ನಿರ್ದೇಶಕಿ ಎಲೈಹು ಅವರ ತೂಕ ಎಷ್ಟೆಂದು ಕೇಳಿ ಬರೆದುಕೊಂಡರು.

ಮರುದಿನವೇ ಸುತ್ತೋಲೆ ಬಂತು: 'ಮಾನವ ಮಾದರಿ-ಧಾರಕನು ದ್ವೀಪದಲ್ಲಿ ಮಾದರಿಯನ್ನು ಬಿಸ್ಕತ್ತಿನ ರೂಪದಲ್ಲಿ ಸೇವಿಸಿ, ದಡದ ಪ್ರಯೋಗಾಲಯದಲ್ಲಿ ಮೂತ್ರದ ರೂಪದಲ್ಲಿ ಒಪ್ಪಿಸತಕ್ಕದ್ದು. ಕೇಂದ್ರದ ನೀರಿನ ಮೇಲಿರುವಾಗ ಮಾದರಿಯ ಯಾವ ಅಂಶವನ್ನೂ ವಿಸರ್ಜಿಸತಕ್ಕದ್ದಲ್ಲ. ಸೇವನೆಯಿಂದ ಸಂತೋಷ ಉಂಟಾದಲ್ಲಿ ಏಳನೇ ನಮೂನೆಯಲ್ಲಿ ದಾಖಲಿಸತಕ್ಕದ್ದು.'

ಡಾರ್ಕಸ್ ಎಲೆ ಬೆರೆಸಿ ಬಿಸ್ಕತ್ತು ಮಾಡಿಕೊಟ್ಟರು. ಎಲೈಹು ಎರಡು ಲೋಟ ಕಾಫಿಯೊಂದಿಗೆ ಅದನ್ನು ತಿಂದು ಹಡಗು ಹತ್ತಿದರು. ಆ ಎರಡು ಲೋಟ ತಪ್ಪಾಯಿತೆಂದು ಅರ್ಧ ದಾರಿಯಲ್ಲಿ ತಿಳಿಯಿತು. ಹಡಗಿನಲ್ಲಿ ಶೌಚಾಲಯವಿತ್ತು, ಬಾಗಿಲೂ ತೆರೆದಿತ್ತು. ಅವರು ಕಂಬ ಹಿಡಿದು, ಕಾಲಿಗೆ ಕಾಲು ಹೆಣೆದು ನಿಂತರು. ಸೀಗಲ್ ಹಕ್ಕಿಗಳೆಲ್ಲ ಬಂಧುಗಳಂತೆ ಕಂಡವು. ಮೂವತ್ತು ವರ್ಷದ ತನ್ನ ಪ್ರಾಮಾಣಿಕತೆ ಈಗ ಮೂತ್ರಕೋಶದಲ್ಲಿ ಬಂದು ನಿಂತಿದೆಯಲ್ಲಾ ಎಂದು ಅವರಿಗೇ ನಗು ಬಂತು. ನಕ್ಕರೆ ಅಪಾಯವಾದ್ದರಿಂದ ತಡೆದುಕೊಂಡರು.

ಪ್ರಯೋಗಾಲಯದಲ್ಲಿ ಬಾಟಲಿ ತುಂಬಿಸಿಕೊಟ್ಟರು. ಏಳನೇ ನಮೂನೆಯನ್ನು ಖಾಲಿ ಬಿಟ್ಟರು. ಸರ್ಕಾರಿ ಕಾಗದದ ಮೇಲೆ ಅವರು ಆಡಿದ ಮೊದಲ ಸುಳ್ಳು ಅದು.

ವಾರದ ಬಳಿಕ ನಿರ್ದೇಶಕಿ ಅವರನ್ನು ಕಚೇರಿಗೆ ಕರೆಸಿದರು. ಕೋಣೆಯಲ್ಲಿ ನಿರ್ದೇಶಕಿಗೆಂದೇ ಎರಡು ಕುರ್ಚಿಗಳಿದ್ದವು: ಗಾಂಜಾ ವಿಭಾಗದ ಮುಖ್ಯಸ್ಥೆಯಾಗಿ ಕೂರಲು ಒಂದು, ಸಿಬ್ಬಂದಿ ವಿಭಾಗದ ಮುಖ್ಯಸ್ಥೆಯಾಗಿ ಕೂರಲು ಇನ್ನೊಂದು.

"ಅಭಿನಂದನೆ. ಬೆಳೆ ಶುದ್ಧವಾಗಿದೆ. ಡಾರ್ಕಸ್ ಅವರು ಮಾರಬಹುದು," ಎಂದರು ಮೊದಲ ಕುರ್ಚಿಯಿಂದ. ಆಮೇಲೆ ಎದ್ದು ಎರಡನೆಯದರಲ್ಲಿ ಕೂತರು. "ನೀವು ಮಾತ್ರ ಫೇಲ್. ಇಲಾಖೆಗೆ ಕೇಂದ್ರದ ಅನುದಾನ ಬರತ್ತಲ್ಲ, ನೌಕರರು ಅಮಲು ಮುಟ್ಟಬಾರದು. ಅದೇ ಬಾಟಲಿ ಕೇಂದ್ರದ ಪರೀಕ್ಷೆಗೂ ಹೋಯ್ತು. ನಿಮ್ಮನ್ನ ವಜಾ ಮಾಡಿದೀನಿ."

"ತಿನ್ನು ಅಂದಿದ್ದು ನೀವೇ ಅಲ್ವಾ ಮೇಡಂ?"

"ಆ ಕುರ್ಚಿ ಅಂದಿದ್ದು. ಅದಕ್ಕೆ ನಿಮ್ಮ ಮೇಲೆ ತುಂಬಾ ಅಭಿಮಾನ ಇದೆ."

ಹದಿನಾಲ್ಕು ತಿಂಗಳು, ಒಂದು ಬಿಸ್ಕತ್ತು. ಅವಮಾನಕ್ಕಿಂತ ಹೆಚ್ಚಾಗಿ ತನ್ನ ಪೆದ್ದುತನ ಎಲೈಹು ಅವರನ್ನು ಕೊರೆಯಿತು. ಜನ್ಮವಿಡೀ ತಕ್ಕಡಿ ನೋಡಿದವರಿಗೆ ತಾನು ಯಾವ ತಟ್ಟೆಯಲ್ಲಿ ಕೂತಿದ್ದೇನೆಂದು ಗೊತ್ತಾಗಿರಲಿಲ್ಲ.

ನಿರ್ದೇಶಕಿ ಮತ್ತೆ ಮೊದಲ ಕುರ್ಚಿಗೆ ಮರಳಿದರು. "ದಾರಿ ಇದೆ. ಮುಂದಿನ ಬೆಳೆಗೂ ಧಾರಕ ಬೇಕು. ನೌಕರ ಅಮಲು ಮುಟ್ಟಬಾರದು, ಸರಿ. ಸಲಕರಣೆಗೆ ಆ ನಿಯಮ ಇಲ್ಲ. ನಿಮ್ಮನ್ನ ಸಿಬ್ಬಂದಿ ಪಟ್ಟಿಯಿಂದ ತೆಗೆದು ದಾಸ್ತಾನು ಪುಸ್ತಕಕ್ಕೆ ಸೇರಿಸ್ತೀನಿ."

"ಪಿಂಚಣಿ?"

"ಸಲಕರಣೆಗೆ ಎಲ್ಲಿಯ ಪಿಂಚಣಿ? ಕೆಟ್ಟರೆ ಗುಜರಿಗೆ. ಆದ್ರೆ ನಿರ್ವಹಣೆ ಪೂರ್ತಿ ನಮ್ಮದು. ಊಟ, ಬಟ್ಟೆ, ವರ್ಷಕ್ಕೊಂದ್ಸಲ ಹಲ್ಲಿನ ಡಾಕ್ಟ್ರು."

ಒಪ್ಪದಿದ್ದರೆ ಡಾರ್ಕಸ್ ಅವರ ಮುಂದಿನ ಬೆಳೆ ಬೂದಿ. ಎಲೈಹು ಒಪ್ಪಿದರು. ಬಿಸ್ಕತ್ತು ಚೆನ್ನಾಗಿತ್ತೆಂಬುದೂ ಒಂದು ಕಾರಣ, ಅದನ್ನು ಅವರು ಯಾರಿಗೂ ಹೇಳಲಿಲ್ಲ. ದಾಸ್ತಾನಿನ ಸಾಮಾನಿಗೆಲ್ಲ ಹಾಕುವ ಹಿತ್ತಾಳೆಯ ಸಂಖ್ಯಾಫಲಕವನ್ನು ಕೋಟಿಗೆ ತಾವೇ ಸೊಟ್ಟಗಾಗದಂತೆ ಸಿಕ್ಕಿಸಿಕೊಂಡರು.

ವಾಪಸಾಗುವಾಗ ಹಡಗಿನ ಟಿಕೆಟ್ ಗುಮಾಸ್ತ ಫಲಕ ನೋಡಿ, "ಸರಕು ಕೆಳಗಡೆ," ಎಂದ. ಅವರು ಈರುಳ್ಳಿ ಮೂಟೆಗಳ ನಡುವೆ ಕೂತು ಬಂದರು. ದ್ವೀಪದ ಹಡಗುಕಟ್ಟೆಯಲ್ಲಿ ನಾವೆಲ್ಲ ಇದ್ದೆವು. ಯಾರಿಗೂ ವಿಚಿತ್ರವೆನಿಸಲಿಲ್ಲ. ಸರ್ಕಾರಿ ಸಾಮಾನು, ಹುಷಾರಾಗಿ ಇಳಿಸಿ ಎಂದು ಡಾರ್ಕಸ್ ಕೂಗಿದರು.

ಹಮಾಲಿ ಏಮಸ್ ಅವರನ್ನು ಕೈಗಾಡಿಯಲ್ಲಿ ಕೂರಿಸಿ ಮನೆಗೆ ಮುಟ್ಟಿಸಿದ. ಹೆಂಡತಿ ಪ್ರೂಡೆನ್ಸ್ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು.

"ಇದನ್ನ ಎಲ್ಲಿ ಇಡ್ಲಿ ಪ್ರೂಡೆನ್ಸ್?"

ಪ್ರೂಡೆನ್ಸ್ ಏಮಸ್ ಚಾಚಿದ ಇಲಾಖೆಯ ರಸೀದಿಯನ್ನು ಎರಡು ಸಲ ಓದಿ ಸಹಿ ಹಾಕಿದರು. "ಅಡುಗೆಮನೇಲಿ, ಒಲೆ ಪಕ್ಕ. ತೇವ ತಾಗಬಾರದು ಅಂತ ಬರ್ದಿದಾರೆ."

ಒಲೆಯ ಮೇಲೆ ಚೌಡರ್ ಎಂಬ ಮೀನಿನ ಗಟ್ಟಿ ಸಾರು ಕುದಿಯುತ್ತಿತ್ತು. ಎಲೈಹು ಅವರಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೆ ಸಲಕರಣೆ ತಾನಾಗಿ ಏನನ್ನೂ ಕೇಳತಕ್ಕದ್ದಲ್ಲವೆಂದು ಇಲಾಖೆಯ ಕೈಪಿಡಿಯಲ್ಲಿತ್ತು. ಅವರು ಗೋಡೆಗೆ ಒರಗಿ, ಹೆಂಡತಿ ತಾನಾಗಿ ಬಡಿಸುವವರೆಗೂ ಸುಮ್ಮನೆ ನಿಂತಿದ್ದರು.